ಅತ್ತೆಗೆ ಕಾಣದ ಕಾರ್ಟೂನು

ಮಗಳ ಕೈಯಿಂದ ಮೊಬೈಲು ಬಿಡಿಸುವ ವಿದ್ಯೆಯಲ್ಲಿ ನಾನು ಪೂರ್ತಿ ನಪಾಸು. ಬೈದೆ, ಪುಸಲಾಯಿಸಿದೆ, ಒಮ್ಮೆ ಅಕ್ಕಿಡಬ್ಬಿಯಲ್ಲಿ ಅಡಗಿಸಿಯೂ ಇಟ್ಟೆ. ಅಷ್ಟರಲ್ಲಿ ಯಾರದೋ ಫೋನು ಬಂದು ಅಕ್ಕಿಯೇ ಹಾಡತೊಡಗಿದಾಗ ಹೆಂಡತಿ ಕೂಡ ನನ್ನ ಪಕ್ಷ ಬಿಟ್ಟಳು. ನಾಲ್ಕನೇ ತರಗತಿಯ ಮೇಧಾ ಊಟಕ್ಕೆ ಕೂತರೂ ಕಣ್ಣೆತ್ತುತ್ತಿರಲಿಲ್ಲ. ಮಾತಾಡಿಸಿದರೆ ಉತ್ತರವಿಲ್ಲ. ಬರಬರುತ್ತ ನಾವೂ ಮಾತಾಡಿಸುವುದನ್ನು ಬಿಟ್ಟಿದ್ದೆವು.

ಅಂಥ ಹೊತ್ತಿನಲ್ಲಿ ನನ್ನ ಸೋದರತ್ತೆ ಗಂಗತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಿಲ್ಕುಂದದಿಂದ ಶಿರಸಿಗೆ ಬಂದವಳು, ಆಪರೇಷನ್ ಮುಗಿಸಿ ನಮ್ಮಲ್ಲೇ ಉಳಿದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲಿನಿಂದಲೂ ಮಂಜು. ಜೀವಮಾನವಿಡೀ ಮಾತಾಡಿಕೊಂಡೇ ಬದುಕಿದವಳಿಗೆ ನಮ್ಮ ಮನೆಯ ಮೌನ ಆಪರೇಷನ್ನಿಗಿಂತ ಕಷ್ಟವಾಗಿರಬೇಕು. ಮರುದಿನ ಗೋಡೆ ಹಿಡಿದುಕೊಂಡು ಬಂದು ಮೇಧಾಳ ಪಕ್ಕದಲ್ಲಿ ಕೂತಳು.

"ಕೂಸೇ, ಅದ್ರಲ್ಲಿ ಎಂತ ಆಗ್ತಾ ಇದ್ದು?"

"ಎಂತ ಇಲ್ಲೆ."

"ನಂಗೆ ಕಾಣ್ತಿಲ್ಲೆ. ನೀನೇ ನೋಡಿ ಹೇಳು."

ಕಾರ್ಟೂನಿನ ನರಿಯೊಂದು ರೈಲು ಹತ್ತಿದೆ ಎಂದು ಮೇಧಾ ಒಲ್ಲದ ಮನಸ್ಸಿನಿಂದ ಹೇಳಿದಳು. ಅತ್ತೆ ಅಷ್ಟಕ್ಕೆ ಬಿಡುವವಳಲ್ಲ.

"ಎಲ್ಲಿಗೆ ಹೊಂಟಿದ್ದು ಅದು? ಮನೆಯಲ್ಲಿ ಹೇಳಿಕ್ಕಿ ಬಂದಿದ್ದಾ?"

ಮಗಳಿಗೆ ಗೊತ್ತಿರಲಿಲ್ಲ. ವಿಡಿಯೊ ನಿಲ್ಲಿಸಿ ಯೋಚಿಸಿದಳು. ಕೊನೆಗೆ, ಯಲ್ಲಾಪುರದ ಅಕ್ಕನ ಮನೆಗೆ ಹೊರಟಿದೆ ಎಂದು ತಾನೇ ಕಟ್ಟಿದಳು. ಯಲ್ಲಾಪುರಕ್ಕೆ ರೈಲೆಲ್ಲಿದ್ದು ಎಂದು ಅತ್ತೆ ತಕರಾರು ತೆಗೆದಳು. ಸಣ್ಣ ಜಗಳವೇ ಆಗಿ, ಇಬ್ಬರೂ ಸೇರಿ ನರಿಯನ್ನು ಹುಬ್ಬಳ್ಳಿಯಲ್ಲಿ ಇಳಿಸಿ ಬಸ್ಸು ಹತ್ತಿಸಿದರು. ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ನಾನು ನನ್ನ ಮೊಬೈಲು ಕೆಳಗಿಟ್ಟೆ. ಮಗಳ ದನಿಯನ್ನು ಅಷ್ಟು ಹೊತ್ತು ಕೇಳಿ ಎಷ್ಟು ಕಾಲವಾಗಿತ್ತೋ.

ಮೊಬೈಲು ಕೆಟ್ಟದ್ದು ಎಂದು ಅತ್ತೆ ಒಮ್ಮೆಯೂ ಅನ್ನಲಿಲ್ಲ. ಇದೆಂಥ ಉಪಾಯ ಮಾಡಿದೆ ಎಂದು ನಾನು ಹೊಗಳಿದರೆ ಅವಳಿಗೆ ಅರ್ಥವೇ ಆಗಲಿಲ್ಲ. "ಉಪಾಯ ಎಂತ ಬಂತು? ಕೂಸು ಎಂತ ನೋಡ್ತು ಹೇಳಿ ನಾನೂ ತಿಳ್ಕಳನ ಅನಿಸ್ತು, ಅಷ್ಟೇಯ" ಎಂದಳು. ಮಕ್ಕಳ ಬಗ್ಗೆ ನಾನು ಕೇಳಿದ ಉಪನ್ಯಾಸಗಳಲ್ಲಿ ಇಷ್ಟು ಸರಳ ಮಾತು ಬಂದ ನೆನಪಿಲ್ಲ.

ಅತ್ತೆ ಊರಿಗೆ ಹೋದಳು. ಮೇಧಾ ಮೊಬೈಲು ಬಿಟ್ಟಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅದನ್ನು ಪಕ್ಕಕ್ಕಿಟ್ಟು, ಹೇಳಲು ಯಾರಾದರೂ ಸಿಕ್ಕಾರೆಯೇ ಎಂದು ಹುಡುಕುತ್ತಾಳೆ. ನಿನ್ನೆ ಸಿಕ್ಕವನು ನಾನು. ಹಾರುವ ಆನೆಯ ಕಥೆ. ಅರ್ಧಕ್ಕೆ ನಿಲ್ಲಿಸಿ, "ಅಪ್ಪ, ಎಂತಾದ್ರೂ ಕೇಳು" ಎಂದಳು. ಪ್ರಶ್ನೆ ಕೇಳುವುದು ಎಷ್ಟು ಕಷ್ಟವೆಂದು ನನಗೆ ಆಗಲೇ ತಿಳಿದದ್ದು. ತಡಕಾಡಿ, ಆ ಆನೆ ಇಳಿಯುವುದು ಎಲ್ಲಿ ಎಂದೆ.

ಅವಳ ಮುಖ ಅರಳಿತು. "ಅದು ನಂಗೂ ಗೊತ್ತಿಲ್ಲೆ. ಬಾ, ಇಬ್ರೂ ಸೇರಿ ಇಳ್ಸನ."