ರೇ ಅಜ್ಜನ ಠಸ್ಸೆ

ಡಾಕ್ಟರೇ ಬರಲಿ, ಪಾದ್ರಿಯೇ ಬರಲಿ, ರೇ ಅಜ್ಜನಿಗೆ ಹಿಂಗೈ ತೋರಿಸದೆ ಒಳಗೆ ಕಾಲಿಡುವ ಹಾಗಿರಲಿಲ್ಲ. ಪರದೇಶದ ಪಾಮರ್ಸ್ಟನ್ ನಾರ್ತ್ ಎಂಬ ಊರಿನ ಒಂದು ವೃದ್ಧಾಶ್ರಮದಲ್ಲಿ, ಮರೆವಿನ ರೋಗದವರ ವಿಭಾಗದಲ್ಲಿ ನಾನು ನರ್ಸ್. ಅಲ್ಲಿನ ಬಾಗಿಲಿಗೆ ನಂಬರಿನ ಬೀಗ. ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ನೀರು ಹಚ್ಚಿ ಕ್ರಾಪು ಬಾಚಿಕೊಂಡು ಅಜ್ಜ ಕೂತಿರುತ್ತಿದ್ದ. ಹೊರಗೆ ಹೋಗುವವರ ಹಿಂಗೈ ಮೇಲೆ ತನ್ನ ಹೆಬ್ಬೆರಳು ಒತ್ತಿ, "ರೈಟೋ, ಹೋಗು ಲವ್" ಎನ್ನುತ್ತಿದ್ದ; ಅವನ ಬಾಯಲ್ಲಿ ಎಲ್ಲರೂ 'ಲವ್'. ಮರಳಿ ಬಂದಾಗ ಕೈ ನೋಡಿಯೇ ಒಳಗೆ ಬಿಡುತ್ತಿದ್ದ. ಔಷಧಿಯ ಟ್ರೇ ಹಿಡಿದು ಬಂದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈದುಕೊಳ್ಳುತ್ತಲೇ ಕೈ ಚಾಚುತ್ತಿದ್ದೆ.

ಅಜ್ಜನ ತಲೆಯಲ್ಲಿ ಅರವತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಆಗ ಚರ್ಚಿನ ಹಾಲ್‌ನಲ್ಲಿ ಶನಿವಾರ ಸಂಜೆ ಹದಿಹರೆಯದವರ ಕ್ಲಬ್ಬು ನಡೆಯುತ್ತಿತ್ತಂತೆ. ಊರ ಹುಡುಗರದೇ ಗಿಟಾರು, ಡ್ರಮ್ಮು; ಬೆವರಿಳಿಯುವಷ್ಟು ಕುಣಿತ; ಕುಡಿಯಲು ಬರೀ ನಿಂಬೆ ಪಾನಕ. ಹೊರಗೆ ಕಾರಿನಲ್ಲಿ ಬಿಯರ್ ಬಚ್ಚಿಟ್ಟು ಕುಡಿದು ಬರುವ ಪುಂಡರಿದ್ದರಲ್ಲ, ಅದಕ್ಕೇ ಬಾಗಿಲಲ್ಲಿ ರೇ. ಕೇಳಿಕೊಂಡು ಹೊರಗೆ ಹೋದವರ ಹಿಂಗೈಗೆ ನೇರಳೆ ಶಾಯಿಯ ದುಂಡು ಠಸ್ಸೆ. "ಠಸ್ಸೆ ಇಲ್ಲದೆ ಹೊರಗೆ ಹೋದವರು ಹೊರಗೇ" ಎಂಬುದು ಅವನ ವೇದವಾಕ್ಯ.

ಅದೇ ಬಾಯಲ್ಲಿ ಬೆರಿಲ್ ಎಂಬ ಹುಡುಗಿಯ ಕಥೆಯೂ ಬರುತ್ತಿತ್ತು. "ಸೆಕೆ ಅಂತ ಓಡಿಹೋದಳು, ಠಸ್ಸೆ ಹಾಕಿಸಿಕೊಳ್ಳಲಿಲ್ಲ. ವಾಪಸ್ ಬಂದಾಗ ನಾನು ಬಿಡಲಿಲ್ಲ. ಅವಳನ್ನ ಡಾನ್ಸಿಗೆ ಕೇಳಬೇಕು ಅಂತಲೇ ಅವತ್ತು ಶರ್ಟಿಗೆ ಇಸ್ತ್ರಿ ಹಾಕಿದ್ದೆ, ಲವ್. ಕೇಳಿದ್ದು ಮಾತ್ರ ಠಸ್ಸೆ." ಬೆರಿಲ್ ಮತ್ತೆಂದೂ ಆ ಹಾಲ್‌ಗೆ ಬರಲಿಲ್ಲ. ಕಥೆ ಮುಗಿದ ಮೇಲೆ ಅಜ್ಜ ಬೀಗದ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದ. ಒಮ್ಮೆ ಕೇಳಿದ: "ಇಲ್ಲಿ ನಾನು ಕಾಯ್ತಿದೀನೋ, ನನ್ನನ್ನೇ ಕಾಯ್ತಿದಾರೋ?" ನಾನು ಚಹಾ ತರುವ ನೆಪದಲ್ಲಿ ಎದ್ದು ಹೋದೆ.

ಅದೇ ದಿನಗಳಲ್ಲಿ ಗದಗಿನಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ನನ್ನ ವೀಸಾ ಮುಗಿದು, ಹೊಸದು ಬರುವವರೆಗೆ ತಾತ್ಕಾಲಿಕ ವೀಸಾ ಕೊಟ್ಟಿದ್ದರು. ದೇಶ ಬಿಟ್ಟರೆ ಅದು ರದ್ದು. ಸುಡುಗಾಡು ನಿಯಮ! ಫೋನಿನಲ್ಲಿ ಅವ್ವ ತೊದಲಿದಳು: "ನಿನ್ನ ನೋಡಬೇಕು ಅನಸ್ತೈತಿ. ಆದ್ರ ಬರಬ್ಯಾಡ ನನ್ನವ್ವಾ, ಅವರು ಬಾಗಲಾ ಹಾಕ್ಯಾರು." ಬೀಗದ ನಂಬರು ಗೊತ್ತಿದ್ದ ನನಗೂ ಗೊತ್ತಿಲ್ಲದ ಅಜ್ಜನಿಗೂ ಏನು ವ್ಯತ್ಯಾಸ? ಬಾಗಿಲ ಬಳಿಯೇ ನಿಂತು ಅತ್ತುಬಿಟ್ಟೆ.

"ಏನಾಯ್ತು ಲವ್?"

"ಅಮ್ಮನ್ನ ನೋಡೋಕೆ ಹೋಗಬೇಕು. ಹೋದರೆ ವಾಪಸ್ ಬಿಡಲ್ಲ."

"ಯಾರು ಬಿಡಲ್ಲ? ಬಾಗಿಲಲ್ಲಿರೋನು ನಾನು!" ಅಜ್ಜ ನನ್ನ ಕೈ ಎಳೆದುಕೊಂಡು, ನೋಯುವಷ್ಟು ಹೆಬ್ಬೆರಳು ಒತ್ತಿದ. "ಹೋಗಿ ಬಾ. ಯಾರಾದ್ರೂ ತಡೆದರೆ ರೇ ಬಿಟ್ಟ ಅನ್ನು."

ಆ ಠಸ್ಸೆ ಇಮಿಗ್ರೇಷನ್ನಿನವರ ಮುಂದೆ ನಡೆಯುತ್ತದೆಯೇ? ನರ್ಸಾದವಳು ಹೇಳಬಾರದು, ಆದರೂ ಆಮೇಲೆ ಕೈ ತೊಳೆಯಲು ಮನಸ್ಸೇ ಬರಲಿಲ್ಲ.

ವೀಸಾ ಬಂದದ್ದು ಚಳಿಗಾಲ ಕಳೆದ ಮೇಲೆ. ಗದಗಿಗೆ ಓಡಿದೆ. ಅವ್ವ ಇದ್ದಳು, ಪುಣ್ಯ. ಬಲಗೈ ಮಾತ್ರ ಸತ್ತಿತ್ತು. ನಾನು ವಾಪಸ್ ಹೊರಡುವ ಹಿಂದಿನ ದಿನ, "ಹೆಣ್ಮಗಳನ್ನ ಬರಿಗೈಲೆ ಹೆಂಗ ಕಳಸ್ಲಿ?" ಎಂದು ಮದರಂಗಿ ಅರೆಸಿ, ಎಡಗೈಯಿಂದಲೇ ಹಚ್ಚಿದಳು. ಬಳ್ಳಿ ಎಳೆಯಲು ಆ ಕೈಗೆ ಬರಲಿಲ್ಲ. ಅಂಗೈಗೊಂದು, ಹಿಂಗೈಗೊಂದು ದುಂಡನೆಯ ಬೊಟ್ಟು ಇಟ್ಟಳು.

ಮರಳಿ ಬಂದಾಗ ಬಾಗಿಲ ಬಳಿ ಕುರ್ಚಿ ಖಾಲಿ. ಅಜ್ಜ ಹಾಸಿಗೆ ಹಿಡಿದಿದ್ದ. ನನ್ನ ಮುಖ ಗುರುತು ಹತ್ತಲಿಲ್ಲ. ಆದರೆ ಅಭ್ಯಾಸಬಲ ಎಲ್ಲಿ ಹೋಗುತ್ತದೆ? ನನ್ನ ಕೈ ಹಿಡಿದು ತಿರುಗಿಸಿ ನೋಡಿದ. ಕೆಂಪು ಬೊಟ್ಟಿನ ಮೇಲೆ ಹೆಬ್ಬೆರಳು ಆಡಿಸಿದ.

"ಠಸ್ಸೆ ಇದೆಯಲ್ಲ!" ಎಂದ. "ಒಳಗೆ ಬಾ ಬೆರಿಲ್."

ನಾನು ಬೆರಿಲ್ ಆಗಿ ಹಾಸಿಗೆಯ ಪಕ್ಕದಲ್ಲೇ ಕೂತೆ.

ಮದರಂಗಿ ಮಾಸುವ ಮೊದಲೇ ಅಜ್ಜ ಹೋದ. ಒಯ್ಯುವವರು ಬಂದಾಗ ನಾನೇ ನಂಬರು ಒತ್ತಿ ಬಾಗಿಲು ತೆರೆದೆ. "ಒಂದ್ನಿಮಿಷ" ಎಂದು ಅವರನ್ನು ತಡೆದು, ಹೊದಿಕೆಯ ಅಡಿಯಿಂದ ಅವನ ಕೈ ತೆಗೆದು, ಹಿಂಗೈ ಮೇಲೆ ನನ್ನ ಹೆಬ್ಬೆರಳು ಒತ್ತಿದೆ.