ತಣ್ಣಗಿರುವಾಗಲೇ ಕೇಳಬೇಕಾದ ಸದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ಮುಂದೆ ಹಳೆಯ ನೀಲಿ ವ್ಯಾನೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಅದರ ಎದುರು ಅರವತ್ತು ದಾಟಿದ ಗಿಡ್ಡನೆಯ ವ್ಯಕ್ತಿಯೊಬ್ಬರು ಉಣ್ಣೆಯ ಟೋಪಿ ತೆಗೆಯುತ್ತಾರೆ, ಕಿವಿಯನ್ನು ಕಿರುಬೆರಳಿನಿಂದ ಕೆದಕುತ್ತಾರೆ, ಟೋಪಿ ಹಾಕಿಕೊಳ್ಳುತ್ತಾರೆ, ಮತ್ತೆ ತೆಗೆಯುತ್ತಾರೆ. ವ್ಯಾನಿನ ಕೀಲಿ ಅವರ ಕೈಯಲ್ಲೇ ಇದೆ. ಅದನ್ನು ತಿರುಗಿಸಲು ಮಾತ್ರ ಧೈರ್ಯ ಸಾಲುತ್ತಿಲ್ಲ.

ಬೀದಿಗೆಲ್ಲ ಇವರು ಸೈಲೆನ್ಸರ್ ಮಾವ. ಹಳೆಯ ವಾಹನಗಳ ಹೊಗೆ ಕೊಳವೆಗಳನ್ನು ಬದಲಿಸಿ, ತಿದ್ದಿ, ಜೋಡಿಸಿ ಕೊಡುವುದು ಇವರ ಕಸುಬು. "ಹೆಸರಿಗೆ ಸೈಲೆನ್ಸರ್. ಇವರ ಬಾಯಿಗೆ ಒಂದು ಕೂರಿಸೋರು ಇನ್ನೂ ಹುಟ್ಟಿಲ್ಲ," ಎಂದು ಹೆಂಡತಿ ಛೇಡಿಸುವುದು ದಿನವೂ ಇದ್ದದ್ದೇ. ಆದರೆ ಒಂದು ವಾರದಿಂದ ಆ ಬಾಯಿ ಕಟ್ಟಿಹೋಗಿದೆ. ಹೊಸ ಗಾಡಿ ಒಂದನ್ನೂ ಇವರು ಮುಟ್ಟಿಲ್ಲ. ಬಂದ ಗಿರಾಕಿಗಳನ್ನೆಲ್ಲ "ಮುಂದಿನ ಬೀದಿಗೆ ಹೋಗಿ" ಎಂದು ಸಾಗಹಾಕುತ್ತಿದ್ದಾರೆ.

ಕೆಲಸ ಎಂಥದ್ದು ಎಂದು ಕೇಳಿದರೆ ಮಾತ್ರ ಮಾವನ ಮುಖ ತುಸು ಅರಳುತ್ತದೆ. ಎಂಜಿನ್ನಿನಿಂದ ಹೊರಬೀಳುವ ಸುಡುಸುಡು ಹೊಗೆಗೆ ಮೊದಲು ಮೈಯೊಡ್ಡುವುದು ಒಂದು ಎರಕದ ತುಂಡು. ವರ್ಷಾನುಗಟ್ಟಲೆ ಕಾದು, ಆರಿ, ಕೊನೆಗೆ ಅದು ಬಿರುಕು ಬಿಡುತ್ತದೆ. ಹಳೆಯ ಗಾಡಿಗಳಿಗೆ ಕಂಪನಿಯ ಬಿಡಿಭಾಗ ಬರುವುದು ನಿಂತು ಎಷ್ಟೋ ಕಾಲವಾಯಿತು. ಆಗ ಬೇರೆಯವರು ತಯಾರಿಸಿದ ಹೆಡರ್ ತಂದು ಕೂರಿಸಬೇಕು. ನಾಲ್ಕು ಕೊಳವೆಗಳು ಎಂಜಿನ್ನಿನಿಂದ ಹೊರಟು ಮುಂದೆ ಒಂದಾಗುವ ಜೋಡಣೆ ಅದು.

"ಡಬ್ಬದ ಮೇಲೆ ಈ ಗಾಡಿಗೆ ಸರಿಹೋಗತ್ತೆ ಅಂತ ಬರೆದಿರತ್ತೆ. ಎಲ್ಲಿ ಸರಿಹೋಗತ್ತೆ? ರೆಡಿಮೇಡ್ ಅಂಗಿ ಥರ ಅದು. ತೋಳು ಉದ್ದ, ಕತ್ತು ಬಿಗಿ. ಎಲ್ಲಿ ಹಿಡೀಬೇಕು, ಎಲ್ಲಿ ಬಿಡಬೇಕು ಅಂತ ನೋಡೋದೇ ನನ್ನ ಕೆಲಸ," ಎನ್ನುತ್ತಾರೆ ಮಾವ.

ಹೆಡರಿನ ತುದಿಯಲ್ಲಿ ಎಂಜಿನ್ನಿಗೆ ತಾಗುವ ಲೋಹದ ಪಟ್ಟಿಯನ್ನು ಗಾಜಿನ ಹಲಗೆಯ ಮೇಲಿಟ್ಟು, ಅಡಿಯಿಂದ ಬೆಳಕು ಎಲ್ಲಿ ನುಸುಳುತ್ತದೆ ಎಂದು ನೋಡಿ, ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಸ್ಟೀರಿಂಗಿಗೆ ತಾಗುವ ಕೊಳವೆಯನ್ನು ಕತ್ತರಿಸಿ, ಓರೆ ಮಾಡಿ ಬೆಸೆಯುತ್ತಾರೆ. ಹಿಂದೆ ಯಾರೋ ಸುತ್ತಿಗೆಯಿಂದ ಚಪ್ಪಟೆ ಮಾಡಿ ತುರುಕಿದ ಪೈಪನ್ನು ಕಿತ್ತು, ಅಗಲವಾದ ತಿರುವು ಕೊಟ್ಟು ಹೊಸದು ಹಾಕುತ್ತಾರೆ. ಕಟ್ಟಿದ ಮೂಗು ಬಿಟ್ಟವರ ಹಾಗೆ ಗಾಡಿ ಹಗುರಾಗಿ ಏರು ಹತ್ತುತ್ತದೆ. ಹೊಗೆ ಸೋರದ ಹಾಗೆ ಸಂದಿಗೆ ಕೂರುವ ಗ್ಯಾಸ್ಕೆಟ್ಟನ್ನು ಹಾಳೆಯಿಂದ ಕತ್ತರಿಸಿ ಕೊಡುವುದು ಹೆಂಡತಿಯ ಪಾಲಿನ ಕೆಲಸ. ಮದುವೆಗೆ ಮುಂಚೆ ಬಟ್ಟೆ ಹೊಲಿಯುತ್ತಿದ್ದ ಕೈ ಅದು, ಕತ್ತರಿ ಒಂದು ಕೂದಲೆಳೆಯೂ ಆಚೀಚೆ ಹೋಗುವುದಿಲ್ಲ.

"ಇವರ ಕೈ ಮೇಲಿನ ಒಂದೊಂದು ಸುಟ್ಟ ಗಾಯಕ್ಕೂ ಹೊಸದರಲ್ಲಿ ಅತ್ತಿದ್ದೀನಿ," ಎಂದು ನಗುತ್ತಾರೆ ಆಕೆ. "ಆಮೇಲೆ ಎಷ್ಟೂಂತ ಅಳೋದು?"

ವಾರಕ್ಕೆ ಮೂರೋ ನಾಲ್ಕೋ ಗಾಡಿ, ಅಷ್ಟೇ. ಮುಂದಿನ ಬೀದಿಯ ಹುಡುಗರು ಮಧ್ಯಾಹ್ನಕ್ಕೆ ಬಿಟ್ಟ ಗಾಡಿಯನ್ನು ಸಂಜೆಗೆ ಕೈಗಿಡುತ್ತಾರೆ. ಮಾವನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಕೆಲಸ ಮುಗಿದ ಮೇಲೂ ಗಾಡಿ ಒಂದು ರಾತ್ರಿ ಶೆಡ್ಡಿನ ಮುಂದೆ ಮಲಗಲೇಬೇಕು. ಇದು ಅವರಿಗೆ ಕಸುಬು ಕಲಿಸಿದ ಸೋದರಮಾವನ ಕಟ್ಟಪ್ಪಣೆ.

"ಬಿಸಿ ಕಬ್ಬಿಣ ಹಿಗ್ಗಿ ಸಂದು ಮುಚ್ಕೊಳತ್ತೆ. ಎಲ್ಲ ಸರಿ ಇದೆ ಅಂತ ಸುಳ್ಳು ಹೇಳತ್ತೆ. ರಾತ್ರಿಯೆಲ್ಲ ತಣ್ಣಗಾಗಿ ಬೆಳಗ್ಗೆ ಎಬ್ಬಿಸ್ತೀವಲ್ಲ, ಆ ಮೊದಲ ಗಳಿಗೇಲಿ ಮಾತ್ರ ನಿಜ ಹೇಳತ್ತೆ. ಹೊಗೆ ಸೋರ್ತಿದ್ರೆ ಟಿಕ್ ಟಿಕ್ ಅನ್ನತ್ತೆ, ಗೋಡೆ ಗಡಿಯಾರದ ಹಾಗೆ. ಸ್ವಲ್ಪ ಕಾದರೆ ಸಾಕು, ಸದ್ದು ಅಡಗಿಹೋಗತ್ತೆ."

ಆ ಗಡಿಯಾರದ ಸದ್ದೇ ಈಗ ಅವರ ನಿದ್ದೆ ಕೆಡಿಸಿರುವುದು. ನೀಲಿ ವ್ಯಾನು ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಗಾಡಿ. ಅದಕ್ಕೆ ಹೊಸ ಹೆಡರ್ ಹಾಕಿ, ಬೆಳಗ್ಗೆ ಎದ್ದು ಕಿವಿಗೊಟ್ಟು, "ಒಂದು ಚೂರೂ ಸೋರಲ್ಲ, ನಿಶ್ಚಿಂತೆಯಿಂದ ಹೋಗು" ಎಂದು ಕಳಿಸಿದ್ದರು. ಎರಡು ದಿನ ಕಳೆದು ಅದನ್ನು ಓಡಿಸುವ ಹೆಂಗಸು ವಾಪಸು ಬಂದಳು. ವ್ಯಾನಿನೊಳಗೆ ಹೊಗೆಯ ವಾಸನೆ, ಕೊನೆಯ ಸೀಟಿನ ಪುಟ್ಟಿಗೆ ತಲೆನೋವು, ವಾಂತಿ. ಮಾವ ಬಾನೆಟ್ ಎತ್ತಿ ನೋಡಿದರೆ ಜೋಡಣೆಯ ಸಂದಿನಲ್ಲಿ ಮಸಿ ಎಳೆಎಳೆಯಾಗಿ ಹರಡಿತ್ತು. ಪುಟ್ಟಿ ಮರುದಿನವೇ ಚೇತರಿಸಿಕೊಂಡಿದ್ದಾಳೆ. ಚೇತರಿಸಿಕೊಳ್ಳದೆ ಉಳಿದವರು ಮಾವ.

"ಮಗು ಜೀವ ಕಣ್ರೀ ಅದು," ಎನ್ನುತ್ತ ಅವರು ಟೋಪಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾರೆ. "ಎಡಗಿವಿ ಮಂದ ಆಗಿ ತುಂಬ ಕಾಲ ಆಯ್ತು. ಬಲಗಿವಿ ನಂಬಿ ಕೂತಿದ್ದೆ. ಅದೂ ಹೋಗಿದ್ರೆ ನಾನು ಈ ಕೆಲಸದಲ್ಲಿ ಇರಬಾರದು." ಡಾಕ್ಟರಿಗೆ ತೋರಿಸೋಣ ಎಂದು ಹೆಂಡತಿ ಗೋಗರೆದರೂ ಅವರು ಜಪ್ಪಯ್ಯ ಅನ್ನಲಿಲ್ಲ. ಹೋಗಿದೆ ಎಂದು ಡಾಕ್ಟರು ಹೇಳಿಬಿಟ್ಟರೆ ಎಂಬ ಹೆದರಿಕೆ. ಪಟ್ಟಿಯನ್ನು ಮತ್ತೆ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ ನಿನ್ನೆ ಜೋಡಿಸಿದ್ದಾರೆ. ಈ ವ್ಯಾನು ಮುಗಿಸಿ ಶೆಡ್ಡಿಗೆ ಬೀಗ ಹಾಕುವುದು ಎಂದು ಹೆಂಡತಿಗೂ ಹೇಳಿಬಿಟ್ಟಿದ್ದಾರೆ.

ಅಷ್ಟರಲ್ಲಿ ವ್ಯಾನಿನ ಹೆಂಗಸು ಏದುಸಿರು ಬಿಡುತ್ತ ಬರುತ್ತಾಳೆ. "ಅಯ್ಯೋ, ಆಗ್ಲೇ ಬಂದ್ಬಿಟ್ರಾ ಮಾವ? ಹೋದ ಸಲದ ಹಾಗೆ ಮುಂಚೇನೇ ಬಂದು ಸ್ವಲ್ಪ ಬಿಸಿ ಮಾಡಿಡೋಣ ಅಂತಿದ್ದೆ."

ಮಾವ ಟೋಪಿಯನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. "ಹೋದ ಸಲದ ಹಾಗೆ ಅಂದ್ರೆ?"

"ಹಳೇ ಗಾಡಿ ಅಲ್ವಾ, ಬೆಳಗಿನ ಹೊತ್ತು ಹಟ ಮಾಡತ್ತೆ. ನಿಮ್ಮೆದುರು ಮಾನ ಕಳೆದ್ರೆ ಅಂತ, ನೀವು ಮನೆಯಿಂದ ಬರೋ ಮುಂಚೆ ಇನ್ನೊಂದು ಕೀಲಿ ತಂದು ಅರ್ಧ ಗಂಟೆ ಓಡಿಸಿಟ್ಟಿದ್ದೆ. ನಿಮಗೂ ಸುಲಭ ಆಗ್ಲಿ ಅಂತ."

ಶೆಡ್ಡಿನೊಳಗಿದ್ದ ಮಾವನ ಹೆಂಡತಿ ಹಣೆ ಚಚ್ಚಿಕೊಳ್ಳುತ್ತ ಹೊರಬರುತ್ತಾರೆ. "ಎಂಥ ಕೆಲಸ ಮಾಡಿದ್ಯೇ ಮಹಾತಾಯಿ! ಜ್ವರದ ಮಗೂಗೆ ಮಾತ್ರೆ ನುಂಗಿಸಿ, ನೋಡಿ ಡಾಕ್ಟ್ರೇ ಅಂತ ಕರ್ಕೊಂಡು ಹೋದ ಹಾಗಾಯ್ತಲ್ಲೇ!"

ವಿಷಯ ತಿಳಿದ ಹೆಂಗಸಿನ ಕಣ್ಣಲ್ಲಿ ನೀರು. ಮಾವ ಬೈಯುವುದಿಲ್ಲ. "ಅಳಬೇಡ ಕಣಮ್ಮ. ತಪ್ಪು ನಂದು. ಕೀಲಿ ತಿರುಗಿಸೋ ಮುಂಚೆ ಕೊಳವೆ ಮೇಲೆ ಬರಿಗೈ ಇಟ್ಟು, ತಣ್ಣಗಿದೆಯಾ ಅಂತ ನೋಡಬೇಕು. ನಮ್ಮ ಶೆಡ್ಡಿನ ಮುಂದೇನೇ ಮಲಗಿದ ಗಾಡಿ ಅಲ್ವಾ ಅನ್ನೋ ಸಲಿಗೇಲಿ ಅವತ್ತು ಇಡಲಿಲ್ಲ." ಹೇಳುತ್ತ ಹೇಳುತ್ತ ಅವರ ದನಿ ಸಣ್ಣಗಾಗುತ್ತದೆ. "ಆದ್ರೂ ಕಿವಿ ಇನ್ನೂ ಇದೆ ಅಂತ ಹೇಗೆ ನಂಬೋದು?"

"ಈಗಲೇ ನೋಡೋಣ, ಅದಕ್ಕೇನಂತೆ," ಎಂದು ಹೆಂಡತಿ ಸ್ಪಾನರ್ ಎತ್ತಿಕೊಳ್ಳುತ್ತಾರೆ. "ಆ ಕಡೆ ತಿರುಗಿ ನಿಂತ್ಕೊಳಿ. ಒಂದು ನಟ್ಟು ಸಡಿಲ ಮಾಡ್ತೀನಿ. ಯಾವುದು ಅಂತ ಹೇಳಿ. ಹೇಳಿದ್ರೆ ಶೆಡ್ಡು ಇರತ್ತೆ. ಇಲ್ಲಾಂದ್ರೆ ಬೀಗ ನಾನೇ ಹಾಕ್ತೀನಿ."

ಮಾವ ಮೊದಲು ಕೊಳವೆಯ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದೆ. ಆಮೇಲೆ ಗೋಡೆಯ ಕಡೆ ಮುಖ ಮಾಡುತ್ತಾರೆ. ಬೆನ್ನ ಹಿಂದೆ ಸ್ಪಾನರಿನ ಕಿರುಗುಟ್ಟುವಿಕೆ. ವ್ಯಾನಿನ ಹೆಂಗಸು ಕೀಲಿ ತಿರುಗಿಸಿದರೆ ಗಾಡಿ ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಏಳುತ್ತದೆ. ಮಾವ ಕಣ್ಣು ಮುಚ್ಚಿಕೊಂಡು ಬಲಗಿವಿಯನ್ನು ಗಾಡಿಯತ್ತ ವಾಲಿಸಿ ನಿಂತಿದ್ದಾರೆ. ಹೆಂಡತಿ ಸೆರಗು ಕಚ್ಚಿಕೊಂಡು ಅವರ ಬೆನ್ನನ್ನೇ ನೋಡುತ್ತಿದ್ದಾರೆ.

"ಕೊನೇದು," ಎನ್ನುತ್ತಾರೆ ಮಾವ. ಆಮೇಲೆ ಹುಬ್ಬು ಗಂಟಿಕ್ಕುತ್ತಾರೆ. "ತಡಿ. ಮೊದಲನೇದೂ ಸ್ವಲ್ಪ ಸೋರ್ತಿದೆ. ಏ, ಎರಡು ಸಡಿಲ ಮಾಡಿದೀಯ ನೀನು! ಮೋಸಗಾತಿ!"

ಹೆಂಡತಿ ನಗುತ್ತ ನಗುತ್ತ ಅಳುತ್ತಾರೆ. ನಿಜವಾಗಿಯೂ ಎರಡನ್ನು ಸಡಿಲ ಮಾಡಿದ್ದರು.

ನಟ್ಟು ಬಿಗಿದಾಯಿತು. ಇನ್ನು ಗಾಡಿ ಕೊಡಿ ಎಂದು ವ್ಯಾನಿನ ಹೆಂಗಸು ಕೈಚಾಚಿದರೆ ಮಾವ ತಲೆಯಾಡಿಸುತ್ತಾರೆ. ಎಂಜಿನ್ ಬಿಸಿಯಾಗಿದೆಯಲ್ಲ, ಇವತ್ತು ಅದರ ಮಾತು ನಂಬುವ ಹಾಗಿಲ್ಲ. ಇನ್ನೊಂದು ದಿನ ಮಕ್ಕಳ ಮನೆಯವರಿಗೆ ಏನು ಹೇಳಲಿ ಎಂದು ಆಕೆ ಗೊಣಗುತ್ತಾಳೆ. ಗೊಣಗುತ್ತಲೇ ಎರಡೂ ಕೀಲಿಗಳನ್ನು ಮಾವನ ಕೈಗೆ ಹಾಕುತ್ತಾಳೆ.

ಮರುದಿನ ಅದೇ ಹೊತ್ತು, ಅದೇ ಜಾಗ. ಈ ಸಲ ಅಂಗೈ ಕೊಳವೆಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತದೆ. ಗಾಡಿ ಏಳುತ್ತದೆ.

"ಏನಾದ್ರೂ ಕೇಳ್ತಾ?" ಮಾವ ಹೆಂಡತಿಯನ್ನು ಕೇಳುತ್ತಾರೆ.

"ಇಲ್ಲಪ್ಪ."

"ನನಗೂ ಇಲ್ಲ," ಎನ್ನುವ ದನಿಯಲ್ಲಿ ಹಬ್ಬದ ಕಳೆ. "ನಮ್ಮ ಕೆಲಸ ಯಾರಿಗೂ ಗೊತ್ತಾಗಬಾರದು. ಗೊತ್ತಾಯ್ತು ಅಂದ್ರೆ ಎಲ್ಲೋ ಕೆಟ್ಟಿದೆ ಅಂತಲೇ."

ಆದರೂ ಮಾವ ಬಿಡುವುದಿಲ್ಲ. ಪುಟ್ಟಿಗಿಂತ ಮುಂಚೆ ಪುಟ್ಟಿಯ ಸೀಟಿನಲ್ಲಿ ತಾನು ಕೂರಬೇಕಂತೆ. ಕಿಟಕಿಗಳನ್ನೆಲ್ಲ ಮುಚ್ಚಿಸಿ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುಡಿ ಕೊನೆಯ ಸೀಟಿನಲ್ಲಿ ಕುಳಿತು, ಏರು ಹತ್ತಿಸಿ ಇಳಿಸಿ ದೊಡ್ಡದೊಂದು ಸುತ್ತು ಹೊಡೆಸುತ್ತಾರೆ. ವಾಪಸು ಬಂದಾಗ ಮುಖ ಗಂಭೀರ.

"ವಾಸನೆ ಇದೆ," ಎನ್ನುತ್ತಾರೆ.

ವ್ಯಾನಿನ ಹೆಂಗಸಿನ ಮುಖ ಬಿಳಿಚಿಕೊಳ್ಳುತ್ತದೆ. ಹೆಂಡತಿಯ ಕೈ ಸ್ಪಾನರಿನತ್ತ ಹೋಗುತ್ತದೆ. ಮಾವ ಜೇಬಿಗೆ ಕೈಹಾಕಿ, ಸೀಟಿನ ಸಂದಿಯಲ್ಲಿ ಸಿಕ್ಕ ಒಣಗಿದ ಕಿತ್ತಳೆ ಸಿಪ್ಪೆಯೊಂದನ್ನು ತೆಗೆದು ವ್ಯಾನಿನ ಹೆಂಗಸಿನ ಅಂಗೈಗೆ ಇಡುತ್ತಾರೆ.

"ಇದರದ್ದೇ. ಬೇರೆ ಏನೂ ಇಲ್ಲ. ಹೋಗು ತಾಯಿ, ಮಕ್ಕಳು ಕಾಯ್ತಿರ್ತವೆ."