ಹೊಟ್ಟು ಚೆಲ್ಲುತ್ತಿದ್ದ ಅಂಬಿಗಜ್ಜ

ಅವನ ಗಡ್ಡದಲ್ಲಿ ಸದಾ ಭತ್ತದ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಸೊಂಟಕ್ಕೆ ಕಟ್ಟಿದ ಚೀಲದಲ್ಲೂ ಹೊಟ್ಟೇ. ಶಿವಮೊಗ್ಗದಲ್ಲಿ ನಮ್ಮ ಮನೆ ಹಿಂದೆ, ತುಂಗಾ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದ ಅವನನ್ನು ನಾವು ಅಂಬಿಗಜ್ಜ ಎನ್ನುತ್ತಿದ್ದೆವು. ಬೆಳಿಗ್ಗೆ ಜನರನ್ನು ಹತ್ತಿಸಿಕೊಳ್ಳುವ ಮೊದಲು ಒಂದು ಹಿಡಿ ಹೊಟ್ಟು ನೀರಿಗೆ ಚೆಲ್ಲಿ ನೋಡುತ್ತಿದ್ದ. ಅದು ಬೇಗ ಚದುರಿದರೆ ಸೆಳೆತ ಜೋರಿದೆ ಎಂದರ್ಥ, ಆವತ್ತು ಹರಿಗೋಲು ಇಲ್ಲ.

"ಏನಜ್ಜ, ಮೀನಿಗೆ ತಿಂಡಿನಾ?" ಎಂದು ಯಾರಾದರೂ ಕೆಣಕಿದರೆ, "ಹೂಂ, ನಿಂಗೂ ಹಾಕ್ಲೇನೋ?" ಎನ್ನುತ್ತಿದ್ದ.

ನನಗಾಗ ಹತ್ತು ವರ್ಷವಿರಬೇಕು. ಒಂದು ದಿನ ಮಧ್ಯಾಹ್ನ ಅಕ್ಕನನ್ನು ನೋಡಲು ಭದ್ರಾವತಿಯಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದಿದ್ದ ಎರಡು ಕಡೆಯವರು ಬೇಡವೆಂದು ಹೋಗಿದ್ದರು. ಅಕ್ಕ ಚೆಲುವೆಯೇನಲ್ಲ, ಸೀರೆಯಾದರೂ ಚೆನ್ನಾಗಿರಲಿ ಎಂದು ಅವ್ವ, ಆಚೆ ದಡದ ಅತ್ತೆಯ ರೇಷ್ಮೆ ಸೀರೆ ತರಲು ನನ್ನನ್ನು ಕಳಿಸಿದಳು. ಅತ್ತೆ ಸೀರೆಯನ್ನು ಮುಚ್ಚಳದ ಬಿದಿರು ಬುಟ್ಟಿಯಲ್ಲಿಟ್ಟು, ಜೊತೆಗೆ ಎರಡು ತೆಂಗಿನಕಾಯಿ ಕೊಟ್ಟಳು.

"ಅಲ್ಲಾಡ್ಬೇಡ ಮಾರಾಯ್ತಿ, ಸುಮ್ನೆ ಕೂತ್ಕೋ" ಎಂದು ವಾಪಸು ಬರುವಾಗ ಅಜ್ಜ ಹೇಳುತ್ತಲೇ ಇದ್ದ. ನಾನು ನೀರು ಮುಟ್ಟಲು ಬಗ್ಗಿದೆ. ಹರಿಗೋಲು ವಾಲಿ, ಬುಟ್ಟಿ, ಕಾಯಿ ಎರಡೂ ಹೊಳೆಗೆ ಬಿದ್ದವು. ಗಿರ್ರನೆ ತಿರುಗಿದ ಹರಿಗೋಲನ್ನು ಅಜ್ಜ ನಿಲ್ಲಿಸುವಷ್ಟರಲ್ಲಿ ಯಾವುದೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು "ಕಾಯಿ ಸಿಕ್ತು!" ಎಂದು ಕೂಗಿದರು.

"ಬುಟ್ಟಿನೂ ಅಲ್ಲೇ ಇರುತ್ತೆ, ಹೋಗಜ್ಜ!" ಎಂದು ನಾನು ಅಳತೊಡಗಿದೆ.

"ಒಟ್ಟಿಗೆ ಬಿದ್ವು ಅಂತ ಒಟ್ಟಿಗೇ ಹೋಗ್ತವಾ? ಬಾಯ್ಮುಚ್ಚು" ಎಂದ.

ಬಿದ್ದ ಜಾಗಕ್ಕೇ ವಾಪಸು ಹೋಗಿ ಹೊಟ್ಟು ಚೆಲ್ಲಿದ. ಮೊದಲು ಅಂಗೈಯಗಲ ಇತ್ತು. ಮೆಲ್ಲಗೆ ತಟ್ಟೆಯಷ್ಟಾಯಿತು, ಆಮೇಲೆ ಚಾಪೆಯಷ್ಟು. ಬಂಡೆ ಹತ್ತಿರ ಎರಡಾಗಿ ಸೀಳಿದ್ದೇ ತಡ, ಪರಿಚಯವೇ ಇಲ್ಲದವರ ಹಾಗೆ ಆ ಕಡೆ ಈ ಕಡೆ ಓಡಿದವು. ಹೆಚ್ಚಿನವು ಹೆಂಗಸರಿದ್ದ ಕಡೆಗೇ ಹೋದವು. ಒಂದಿಷ್ಟು ಬಂಡೆ ಹಿಂದಿನ ಜೊಂಡಿಗೆ ತಿರುಗಿದವು. ಇನ್ನೆರಡು ಹಿಡಿ ಚೆಲ್ಲಿದರೂ ಅದೇ ಕಥೆ. ಅಜ್ಜ ಹರಿಗೋಲನ್ನು ಜೊಂಡಿನತ್ತ ತಿರುಗಿಸಿದ. ಅದರ ಮರೆಯಲ್ಲಿ ನಮ್ಮ ಬುಟ್ಟಿ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು.

ಸೀರೆ ಅರ್ಧ ಒದ್ದೆ. ಅಕ್ಕ ಅದನ್ನೇ ಉಟ್ಟು ಕೂತಳು, ಚಾಪೆಯೂ ಒದ್ದೆಯಾಯಿತು. ಗಂಡಿನವರು ಒಪ್ಪಿದರು. "ಸೀರೆ ಯಾರು ನೋಡಿದ್ರು? ನಾನು ಅವಲಕ್ಕಿ ನೋಡ್ತಿದ್ದೆ" ಎಂದು ಭಾವ ಆಮೇಲೆ ಹೇಳಿದರು.

ಮುಂದೆ ನಾನು ಮದುವೆಯಾಗಿ ಅದೇ ಊರಿನ ದುರ್ಗಿಗುಡಿಗೆ ಬಂದೆ. ಒಂದು ದಿನ ತವರಿಗೆ ಹೋದಾಗ ಅಜ್ಜ ಕೇಳಿದ, "ಅಕ್ಕನ್ನ ನೋಡಿ ಎಷ್ಟು ದಿನ ಆಯ್ತೇ?"

"ಎರಡು ತಿಂಗ್ಳು. ಇಲ್ಲೇ ಭದ್ರಾವತಿ ಅಲ್ವಾ, ಯಾವಾಗ್ ಬೇಕಾದ್ರೂ ಹೋಗ್ಬಹುದು."

ಅವನು ಚೀಲಕ್ಕೆ ಕೈಹಾಕಿ ಒಂದು ಹಿಡಿ ನೀರಿಗೆ ಚೆಲ್ಲಿದ. "ಹತ್ರ ಇರೋವಾಗ ಮೆಲ್ಲಗೆ ದೂರ ಆಗ್ತವೆ. ದೂರ ಆದಷ್ಟೂ ಇನ್ನೂ ಬೇಗ ಓಡ್ತವೆ. ಎರಡು ತಿಂಗ್ಳು ನಾಕಾಗುತ್ತೆ, ನಾಕು ವರ್ಷ ಆಗುತ್ತೆ. ಈಗ್ಲೇ ಹೋಗ್ಬಾ."

ಮಾರನೇ ದಿನವೇ ರೈಲು ಹತ್ತಿದೆ. ಆಮೇಲೆ ತಿಂಗಳಿಗೆರಡು ಸಲ ತಪ್ಪಿಸಲಿಲ್ಲ. ಅಕ್ಕನಿಗೂ ನನಗೂ ಅಂಥ ಪ್ರೀತಿಯೇನೂ ಇರಲಿಲ್ಲ, ಹೋದಾಗಲೆಲ್ಲ ಜಗಳವೇ. ಅಂಬಿಗಜ್ಜ ಹೋದ ಸುದ್ದಿ ಬಂದಾಗಲೂ ನಾನು ಭದ್ರಾವತಿಯಲ್ಲೇ, ಅವಳ ಅಡುಗೆಮನೆಯಲ್ಲಿ, ಹುಳಿಗೆ ಬೆಲ್ಲ ಹೆಚ್ಚಾಯಿತೆಂದು ಅವಳನ್ನು ಬೈಯುತ್ತಿದ್ದೆ.